ಚರ್ಚಿಗೆ ಸಿಬ್ಬಂದಿ ಬೇಕಾಗಿದ್ದಾರೆ

ಮುನ್ನೂರು ಕುಟುಂಬಗಳಿರುವ ಒಂದು ಕನ್ನಡ ಸಭೆಯನ್ನು ತೆಗೆದುಕೊಳ್ಳಿ. ಸಭಾಪಾಲಕರನ್ನು ಬಿಟ್ಟರೆ ಅಲ್ಲಿ ಸಂಬಳಕ್ಕೆ ದುಡಿಯುವವರು ಬೆರಳೆಣಿಕೆಯಷ್ಟು ಜನ. ಆಫೀಸಿನಲ್ಲಿ ಒಬ್ಬ ಗುಮಾಸ್ತ, ಬೀಗದ ಕೈ ಇಟ್ಟುಕೊಂಡು ಗುಡಿಸಿ ಒರೆಸಿ ಗಂಟೆ ಹೊಡೆಯುವ ಒಬ್ಬ ಚರ್ಚ್ ಸೇವಕ, ಭಾನುವಾರ ಆರ್ಗನ್ ಅಥವಾ ಕೀಬೋರ್ಡ್ ನುಡಿಸುವ ಒಬ್ಬರು, ರಾತ್ರಿ ಕಾವಲುಗಾರ, ಸ್ಮಶಾನ ನೋಡಿಕೊಳ್ಳುವವರು, ವಾರಕ್ಕೆರಡು ಸಲ ಬಂದು ಲೆಕ್ಕ ಬರೆಯುವ ಒಬ್ಬ ಅಕೌಂಟೆಂಟ್. ಇಷ್ಟು ಜನರನ್ನು ಆರಿಸುವುದು ದೊಡ್ಡ ಮಾತೇನಲ್ಲ ಎಂದು ಕಮಿಟಿಗಳು ಭಾವಿಸುತ್ತವೆ. ‘ಪಾಪ, ಕಷ್ಟದಲ್ಲಿದ್ದಾನೆ’ ಎಂಬ ಒಂದು ಮಾತಿಗೆ, ‘ಹಿರಿಯರೊಬ್ಬರ ತಂಗಿಯ ಮಗ’ ಎಂಬ ಒಂದು ಪರಿಚಯಕ್ಕೆ ನೇಮಕ ಮುಗಿದುಹೋಗುತ್ತದೆ. ಎರಡು ವರ್ಷ ಕಳೆಯುವಷ್ಟರಲ್ಲಿ ಆ ವ್ಯಕ್ತಿಯನ್ನು ಇಟ್ಟುಕೊಳ್ಳಲೂ ಆಗದೆ ಬಿಡಲೂ ಆಗದೆ ಸಭೆ ಒದ್ದಾಡುತ್ತದೆ.

ಕಂಪನಿಯ ನೇಮಕಕ್ಕೂ ಚರ್ಚಿನ ನೇಮಕಕ್ಕೂ ಇರುವ ನಿಜವಾದ ವ್ಯತ್ಯಾಸ ಇಲ್ಲೇ ಇದೆ. ಇಲ್ಲಿ ಕೆಲಸಗಾರ ಬಹುಮಟ್ಟಿಗೆ ಸಭೆಯ ಸದಸ್ಯನೂ ಹೌದು. ಅವನ ಅತ್ತೆ ಸ್ತ್ರೀ ಸಂಘದಲ್ಲಿರುತ್ತಾರೆ, ಚಿಕ್ಕಪ್ಪ ವಾರ್ಷಿಕ ಸಭೆಯಲ್ಲಿ ಮತ ಹಾಕುತ್ತಾರೆ. ಕೆಲಸದ ಬಗ್ಗೆ ಒಂದು ಮಾತು ಗಟ್ಟಿಯಾಗಿ ಆಡಿದರೆ ಮೂರು ಮನೆಗಳು ಆರಾಧನೆಗೆ ಬರುವುದನ್ನೇ ನಿಲ್ಲಿಸಬಹುದು. ಆದ್ದರಿಂದ ಚರ್ಚಿನಲ್ಲಿ ಎಚ್ಚರವೆಲ್ಲ ನೇಮಕಕ್ಕೆ ಮುಂಚೆಯೇ ಇರಬೇಕು. ಇದು ಹೊಸ ಸಮಸ್ಯೆಯೂ ಅಲ್ಲ. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿ ಏಳು ಮಂದಿಯನ್ನು ಆರಿಸಿದ್ದು ಯಾಕೆಂದು ನೆನಪಿಸಿಕೊಳ್ಳಿ: ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ದೂರಿಗಾಗಿ. ಮೊದಲು ಕೆಲಸ ಏನೆಂದು ಗೊತ್ತಾಯಿತು, ಆ ಮೇಲೆ ಎಂಥವರು ಬೇಕೆಂದು ಹೇಳಲಾಯಿತು, ಆರಿಸುವ ಹೊಣೆಯನ್ನು ಇಡೀ ಸಮೂಹಕ್ಕೆ ಬಿಡಲಾಯಿತು. ಈ ಕ್ರಮವನ್ನೇ ನಮ್ಮ ಕಮಿಟಿಗಳು ತಲೆಕೆಳಗು ಮಾಡಿ, ಮೊದಲು ಆಳನ್ನು ಹಿಡಿದು ಆಮೇಲೆ ಕೆಲಸ ಹುಡುಕುತ್ತವೆ.

ಯಾರನ್ನು ಯಾರು ನೇಮಿಸುತ್ತಾರೆ ಎಂಬುದು ಮೊದಲು ಸ್ಪಷ್ಟವಿರಲಿ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಸಭಾಪಾಲಕರನ್ನು ಕಳಿಸುವುದು, ವರ್ಗ ಮಾಡುವುದು ಬಿಷಪ್ ಮತ್ತು ಡಯಾಸಿಸ್‌ನ ಕೆಲಸ. ಕರ್ನಾಟಕದಲ್ಲಿ ಉತ್ತರ, ಮಧ್ಯ, ದಕ್ಷಿಣ ಎಂದು ಮೂರು ಡಯಾಸಿಸ್‌ಗಳಿವೆ. ಪಾಸ್ಟರೇಟ್ ಕಮಿಟಿಯ ಕೈಯಲ್ಲಿರುವುದು ಉಳಿದ ಸಿಬ್ಬಂದಿಯ ನೇಮಕ ಮಾತ್ರ. ಕಥೋಲಿಕರಲ್ಲೂ ಧರ್ಮಕೇಂದ್ರದ ಗುರುಗಳನ್ನು ನೇಮಿಸುವವರು ಬಿಷಪ್ಪರೇ. ಆಫೀಸಿನವರು, ಉಪದೇಶಿ, ಗಾಯನ ಮಂಡಳಿಯ ಮಾಸ್ತರು ಇವರ ವಿಷಯ ಗುರುಗಳು ಮತ್ತು ಸಮಿತಿಯ ಮಟ್ಟದಲ್ಲಿ ತೀರ್ಮಾನವಾಗುತ್ತದೆ. 1983ರ ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆ ಪ್ರತಿ ಧರ್ಮಕೇಂದ್ರಕ್ಕೂ ಒಂದು ಹಣಕಾಸು ಸಮಿತಿ ಇರಲೇಬೇಕು ಎನ್ನುತ್ತದೆ. ಸಂಬಳದ ಹೊರೆ ತರುವ ಯಾವ ನೇಮಕವೂ ಆ ಸಮಿತಿಯ ಕಣ್ಣು ತಪ್ಪಿಸಿ ಆಗಬಾರದು.

ಬ್ಯಾಪ್ಟಿಸ್ಟ್ ಸಭೆಗಳು, ಸ್ವತಂತ್ರ ಸಭೆಗಳು, ಅನೇಕ ಪೆಂತೆಕೊಸ್ತ ಸಭೆಗಳಲ್ಲಿ ಮಾತು ಬೇರೆ. ಅಲ್ಲಿ ಪಾಸ್ಟರನ್ನೂ ಸಭೆಯೇ ಕರೆಯಬೇಕು. ಪ್ರಸಂಗ ಒಂದನ್ನೇ ಕೇಳಿ ಮನಸೋಲುವ ಅಪಾಯ ಹೆಚ್ಚಿರುವುದೂ ಅಲ್ಲೇ. ಪಾಸ್ಟರ್ ಅಭ್ಯರ್ಥಿಯ ಪ್ರಸಂಗವನ್ನು ಒಂದೇ ಭಾನುವಾರ ಕೇಳಿ ಬಿಡಬೇಡಿ. ಎರಡು ಮೂರು ಭಾನುವಾರ ಕೇಳಿ, ನಡುವೆ ಒಂದು ವಾರದ ದಿನ ಕಾಯಿಲೆಯವರ ಮನೆಗೆ ಕರೆದುಕೊಂಡು ಹೋಗಿ. ಮಾತಾಡುವವರು ಯಾರು, ಕೇಳಿಸಿಕೊಳ್ಳುವವರು ಯಾರು ಎಂಬುದು ಹಾಸಿಗೆಯ ಪಕ್ಕದಲ್ಲಿ ಗೊತ್ತಾಗುತ್ತದೆ. ಓದಿನ ಪ್ರಮಾಣಪತ್ರವನ್ನು ನೀಡಿದ ಕಾಲೇಜಿನಿಂದಲೇ ಖಚಿತ ಮಾಡಿಕೊಳ್ಳಿ. ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು, 1910ರಲ್ಲಿ ಶುರುವಾದ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಇವು ಸೆರಾಂಪುರ ಸೆನೆಟ್‌ಗೆ ಸೇರಿದವು, ಪದವಿ ಅಲ್ಲಿಂದ ಬರುತ್ತದೆ. ಬೇರೆ ಮಾನ್ಯತೆ ಪಡೆದ ಕಾಲೇಜುಗಳೂ ಇವೆ. ಆದರೆ ಹೆಸರಿನ ಹಿಂದೆ ‘ಡಾಕ್ಟರ್’ ಇದ್ದು, ಎಲ್ಲಿ ಓದಿದಿರಿ ಎಂದು ಕೇಳಿದರೆ ಉತ್ತರ ಅಸ್ಪಷ್ಟವಿದ್ದರೆ ಅಲ್ಲಿಗೇ ನಿಲ್ಲಿಸಿ. ಹಿಂದಿನ ಸಭೆಯ ಇಬ್ಬರು ಹಿರಿಯರ ಜೊತೆ ಮುಖಾಮುಖಿ ಮಾತಾಡದೆ ಪಾಸ್ಟರನ್ನು ಕರೆಯಬಾರದು. ಅವರಲ್ಲಿ ಒಬ್ಬರು ಅಭ್ಯರ್ಥಿಯೇ ಸೂಚಿಸದವರಾಗಿರಲಿ.

ಇನ್ನು ಉಳಿದ ಸಿಬ್ಬಂದಿಯ ವಿಷಯ. ಜಾಹೀರಾತಿಗೆ ಮುಂಚೆ ಕೆಲಸವನ್ನು ಒಂದು ಹಾಳೆಯಲ್ಲಿ ಬರೆಯಬೇಕು. ‘ಚರ್ಚಿನ ಎಲ್ಲ ಕೆಲಸ’ ಎಂದು ಬರೆದರೆ ಏನೂ ಬರೆದ ಹಾಗಾಗಲಿಲ್ಲ. ಸೇವಕನ ಹಾಳೆಯಲ್ಲಿ ಶನಿವಾರ ಸಂಜೆ ಬೆಂಚು ಒರೆಸುವುದು, ಭಾನುವಾರ ಎಷ್ಟು ಗಂಟೆಗೆ ಬಾಗಿಲು ತೆಗೆಯಬೇಕು, ಮೈಕ್ ಸೆಟ್ ಮತ್ತು ಯುಪಿಎಸ್ ಯಾರ ಹೊಣೆ, ಮದುವೆ ಇದ್ದ ದಿನ ಹಾಲ್ ಶುಚಿ ಮಾಡಿದ್ದಕ್ಕೆ ಬೇರೆ ದುಡ್ಡು ಇದೆಯೇ, ಸಾವಾದ ಮನೆಯವರು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರೆ ಅವನು ಏನು ಮಾಡಬೇಕು, ಎಲ್ಲ ಇರಬೇಕು. ಸಭಾಪಾಲಕರ ಮನೆಯ ತರಕಾರಿ ತರುವುದು, ಕಾರ್ಯದರ್ಶಿಗಳ ಕಾರು ತೊಳೆಯುವುದು ಆ ಹಾಳೆಯಲ್ಲಿಲ್ಲದಿದ್ದರೆ ಅವನ ಕೆಲಸವಲ್ಲ ಎಂಬುದನ್ನೂ ಅದೇ ಹಾಳೆ ಹೇಳುತ್ತದೆ. ಕೊನೆಗೆ ಒಂದು ಸಾಲು: ಇವನಿಗೆ ಕೆಲಸ ಹೇಳುವವರು ಯಾರು. ಒಬ್ಬರೇ ಇರಲಿ. ಹದಿನೈದು ಜನ ಕಮಿಟಿ ಸದಸ್ಯರೂ ಮೇಲಧಿಕಾರಿಗಳಾದ ಕಡೆ ಒಳ್ಳೆಯ ಸೇವಕ ಉಳಿಯುವುದಿಲ್ಲ.

ಗುಮಾಸ್ತರ ಹುದ್ದೆಗೆ ನಾನು ಅತಿ ಹೆಚ್ಚು ತೂಕ ಕೊಡುತ್ತೇನೆ. ಚರ್ಚಿನ ಆಫೀಸಿನ ಕಬ್ಬಿಣದ ಬೀರುವಿನಲ್ಲಿ ಇರುವುದು ಜನರ ಬದುಕಿನ ದಾಖಲೆ. ದೀಕ್ಷಾಸ್ನಾನ, ಮದುವೆ, ಸಮಾಧಿ ಈ ಮೂರು ರಿಜಿಸ್ಟರ್‌ಗಳಲ್ಲಿ ನೂರು ವರ್ಷ ಹಿಂದಿನ ಕೈಬರಹವೂ ಸಿಗುತ್ತದೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಮದುವೆಗಳನ್ನು ರಿಜಿಸ್ಟರಿನಲ್ಲಿ ಬರೆದು ಸರ್ಕಾರಕ್ಕೆ ಪ್ರತಿ ಕಳಿಸಬೇಕು. ವಧುವಿನ ಹೆಸರಿನ ಕಾಗುಣಿತ ಇಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಆದರೆ ವೀಸಾ ಅರ್ಜಿ ಹಾಕುವ ದಿನ ಆ ಕುಟುಂಬ ಅಲೆಯುತ್ತದೆ. ಆದ್ದರಿಂದ ಈ ಹುದ್ದೆಗೆ ಸಂದರ್ಶನದ ಜೊತೆ ಒಂದು ಪರೀಕ್ಷೆ ಇಡಿ. ಹಳೆಯ ರಿಜಿಸ್ಟರಿನ ಒಂದು ಪುಟದ ಜೆರಾಕ್ಸ್ ಕೊಟ್ಟು, ಅದರಿಂದ ಒಂದು ದೀಕ್ಷಾಸ್ನಾನದ ಪ್ರಮಾಣಪತ್ರ ತಯಾರಿಸಲು ಹೇಳಿ. ಒಂದೆರಡು ಅಕ್ಷರ ಮಸುಕಾಗಿರುವ ಪುಟವನ್ನೇ ಆರಿಸಿ. ಅಭ್ಯರ್ಥಿ ಮಸುಕಾದ ಕಡೆ ತನಗೆ ತೋಚಿದ ಹೆಸರು ತುಂಬಿಸುತ್ತಾರೋ, ‘ಇದು ಓದಲು ಆಗುತ್ತಿಲ್ಲ, ಮೂಲ ಪುಸ್ತಕ ನೋಡಬಹುದೇ’ ಎಂದು ಕೇಳುತ್ತಾರೋ ನೋಡಿ. ಕೇಳಿದವರನ್ನೇ ತೆಗೆದುಕೊಳ್ಳಿ. ಟೈಪಿಂಗ್ ವೇಗವನ್ನು ಆರು ತಿಂಗಳಲ್ಲಿ ಕಲಿಸಬಹುದು, ಈ ಗುಣ ಕಲಿಸಿ ಬರುವಂಥದ್ದಲ್ಲ.

ಅದೇ ಗುಮಾಸ್ತರ ಮೇಜಿನ ಮುಂದೆ ಕನ್ನಡದವರು, ತಮಿಳಿನವರು, ಕೊಂಕಣಿಯವರು, ಕೆಲವೊಮ್ಮೆ ಈಶಾನ್ಯ ಭಾರತದಿಂದ ಓದಲು ಬಂದ ಹುಡುಗರು ನಿಲ್ಲುತ್ತಾರೆ. ಬೆಂಗಳೂರಿನಲ್ಲಂತೂ ಇದು ದಿನನಿತ್ಯದ ಮಾತು. ಕನ್ನಡ ಓದು ಬರಹ ಗಟ್ಟಿಯಾಗಿರಬೇಕು, ಇಂಗ್ಲಿಷಿನಲ್ಲಿ ಪತ್ರ ಬರೆಯಲು ಬರಬೇಕು, ಇನ್ನೊಂದು ಭಾಷೆಯಲ್ಲಿ ನಾಲ್ಕು ಸಮಾಧಾನದ ಮಾತು ಆಡುವಂತಿದ್ದರೆ ಒಳ್ಳೆಯದು. ಬಾಯಿ ಬಿಗಿ ಇರುವುದು ಅದಕ್ಕಿಂತ ಮುಖ್ಯ. ಯಾರ ಮನೆಯಲ್ಲಿ ಜಗಳ, ಯಾರು ವಂತಿಗೆ ಬಾಕಿ ಉಳಿಸಿದ್ದಾರೆ, ಯಾವ ಹುಡುಗಿಯ ಮದುವೆ ಮುರಿಯಿತು ಎಂಬುದೆಲ್ಲ ಆ ಮೇಜಿಗೇ ಮೊದಲು ಬರುತ್ತದೆ. ಸಂದರ್ಶನದಲ್ಲಿ ಹಿಂದಿನ ಕೆಲಸದ ಕಡೆಯ ಒಳಗುಟ್ಟುಗಳನ್ನು ಉತ್ಸಾಹದಿಂದ ಹೇಳುವವರು ನಾಳೆ ನಿಮ್ಮದನ್ನೂ ಹೇಳುತ್ತಾರೆ.

ಸಂಗೀತದವರನ್ನು ಆರಿಸುವಾಗ ಸಭೆಯ ಪರಂಪರೆ ನೆನಪಿರಲಿ. 1947ರ ಸೆಪ್ಟೆಂಬರ್ 27ರಂದು ಸಿಎಸ್‌ಐ ಹುಟ್ಟಿದಾಗ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಪರಂಪರೆಗಳು ಒಂದಾದವು. ಅದಕ್ಕೇ ಊರಿಂದೂರಿಗೆ ಹಾಡುವ ರೀತಿ ಬೇರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಸಭೆಗಳಲ್ಲಿ ಜರ್ಮನ್ ರಾಗಗಳಿಗೆ ಕನ್ನಡ ಸಾಹಿತ್ಯ ಹೊಂದಿಸಿ ನಾಲ್ಕು ಧ್ವನಿಗಳಲ್ಲಿ ಹಾಡುವ ರೂಢಿ ಬೇರೂರಿದೆ. ಬೇರೆ ಕಡೆ ತಬಲಾ, ಹಾರ್ಮೋನಿಯಂ ಜೊತೆಗೆ ಭಜನೆ ಧಾಟಿಯ ಕೀರ್ತನೆಯೇ ಜನರ ಪ್ರಾಣ. ಎರಡೂ ಬೇಕಾದ ಸಭೆಗಳೂ ಬಹಳ. ಕಾರ್ಯಕ್ರಮ ಕೊಡುವ ಕಲಾವಿದನಿಗೂ ಜನರನ್ನು ಹಾಡಿಸುವ ವಾದಕನಿಗೂ ವ್ಯತ್ಯಾಸವಿದೆ, ನಿಮಗೆ ಬೇಕಾದವನು ಎರಡನೆಯವನು. ಪರೀಕ್ಷೆಯ ದಿನ ಹತ್ತು ಹದಿನೈದು ಜನರನ್ನು ಕೂಡಿಸಿ, ವಯಸ್ಸಾದವರೂ ಇರಲಿ. ಒಂದು ಹಳೆಯ ಕೀರ್ತನೆ, ಒಂದು ಹೊಸ ಹಾಡು ಕೊಡಿ. ಮೇಲಿನ ಸ್ವರದಲ್ಲಿ ಜನರ ಗಂಟಲು ಕಟ್ಟಿದಾಗ ವಾದಕರು ಶ್ರುತಿ ಇಳಿಸಿಕೊಳ್ಳುತ್ತಾರೋ, ಅಜ್ಜಿಯೊಬ್ಬರು ಸಾಲಿನ ಕೊನೆಯಲ್ಲಿ ಎಳೆದರೆ ಕಾಯುತ್ತಾರೋ, ಮುಂದಕ್ಕೆ ಓಡುತ್ತಾರೋ ಗಮನಿಸಿ. ಈ ಹುದ್ದೆ ಹೆಚ್ಚಿನ ಕಡೆ ಅರೆಕಾಲಿಕ. ಗುರುವಾರದ ಅಭ್ಯಾಸ, ಮದುವೆ, ಸಮಾಧಿ ಆರಾಧನೆ ಇವುಗಳ ಲೆಕ್ಕ ಭಾನುವಾರದ ಸಂಬಳದಲ್ಲೇ ಮುಗಿಯಿತೋ, ಬೇರೆ ಉಂಟೋ ಎಂಬುದನ್ನು ಮೊದಲೇ ಹೇಳಿಬಿಡಿ. ಸಂಗೀತಗಾರರು ಮನಸ್ತಾಪದಿಂದ ಬಿಟ್ಟುಹೋಗುವುದಕ್ಕೆ ಮುಖ್ಯ ಕಾರಣ ಈ ಹೇಳದೆ ಉಳಿದ ಲೆಕ್ಕ.

ಅಕೌಂಟೆಂಟ್, ಕಾವಲುಗಾರ, ತೋಟದವರು ಇವರು ಕ್ರೈಸ್ತರೇ ಆಗಿರಬೇಕೆಂದು ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ. ಉಪದೇಶಿಗೆ, ಸಂಡೇ ಸ್ಕೂಲ್ ಮೇಲ್ವಿಚಾರಕರಿಗೆ ವಿಶ್ವಾಸ ಕೆಲಸದ ಭಾಗ, ಅದನ್ನು ಕೇಳಲೇಬೇಕು. ಲೆಕ್ಕ ಬರೆಯುವವರಿಗೆ ಬೇಕಾದ್ದು ಲೆಕ್ಕ. ಆದಾಯ ತೆರಿಗೆಯ ನೋಂದಣಿ, ವಾರ್ಷಿಕ ಆಡಿಟ್, ವಿದೇಶದಿಂದ ಹಣ ಬರುವ ಸಂಸ್ಥೆಯಾದರೆ ವಿದೇಶಿ ವಂತಿಗೆ ಕಾಯ್ದೆಯ ಷರತ್ತುಗಳು ಇವನ್ನೆಲ್ಲ ತಿಳಿದವರು ಬೇಕು. 2020ರ ತಿದ್ದುಪಡಿಯ ನಂತರ ವಿದೇಶಿ ವಂತಿಗೆಯಲ್ಲಿ ಆಡಳಿತ ವೆಚ್ಚಕ್ಕೆ ಶೇಕಡ 20ಕ್ಕಿಂತ ಹೆಚ್ಚು ಬಳಸುವಂತಿಲ್ಲ ಎಂಬುದು ಗೊತ್ತಿಲ್ಲದ ಅಕೌಂಟೆಂಟ್ ಎಷ್ಟೇ ಭಕ್ತನಾದರೂ ಸಭೆಯನ್ನು ತೊಂದರೆಗೆ ಸಿಕ್ಕಿಸುತ್ತಾನೆ.

ಹುದ್ದೆ ಖಾಲಿ ಇದೆ ಎಂಬ ಸುದ್ದಿಯನ್ನು ಆರಾಧನೆಯ ಪ್ರಕಟಣೆಯಲ್ಲಿ ಸತತ ಮೂರು ಭಾನುವಾರ ಹೇಳಿ. ಮದುವೆಯ ಪ್ರಕಟಣೆಗೆ ಇರುವ ರೂಢಿಯೇ ಇದಕ್ಕೂ ಸಾಕು. ನೋಟಿಸ್ ಬೋರ್ಡಿನಲ್ಲಿ ಕೆಲಸದ ಹಾಳೆ, ಸಂಬಳ, ಅರ್ಜಿಯ ಕೊನೆಯ ದಿನ ಇರಲಿ. ಸಂಬಳ ಬರೆಯಲು ಸಂಕೋಚ ಬೇಡ. ಡಯಾಸಿಸ್‌ನ ಪತ್ರಿಕೆಗೆ ಕಳಿಸಿ, ಅಕ್ಕಪಕ್ಕದ ಸಭೆಗಳ ಕಾರ್ಯದರ್ಶಿಗಳಿಗೆ ಕಳಿಸಿ. ಆಯ್ಕೆಗೆ ನಾಲ್ಕೈದು ಜನರ ಸಣ್ಣ ಸಮಿತಿ ಇರಲಿ, ಅದರಲ್ಲಿ ಇಬ್ಬರಾದರೂ ಮಹಿಳೆಯರು, ಆ ಕೆಲಸ ಬಲ್ಲ ಹೊರಗಿನವರೊಬ್ಬರು ಇರಲಿ. ಲೆಕ್ಕದವರನ್ನು ಆರಿಸಲು ಬ್ಯಾಂಕಿನಿಂದ ನಿವೃತ್ತರಾದ ಸದಸ್ಯರು ಸಿಗದ ಸಭೆ ಇಲ್ಲವೆಂದೇ ಹೇಳಬಹುದು. ಸಮಿತಿಯವರ ಬಂಧುಗಳು ಅರ್ಜಿ ಹಾಕಿದ್ದರೆ ಆ ಸದಸ್ಯರು ಕೋಣೆಯಿಂದ ಹೊರಗೆ ಹೋಗಬೇಕು, ಹೋದರೆಂದು ನಡಾವಳಿ ಪುಸ್ತಕದಲ್ಲಿ ಬರೆಯಬೇಕು. ಬಂಧುವೇ ಉತ್ತಮ ಅಭ್ಯರ್ಥಿ ಆಗಿರಬಹುದು. ಆಗ ಆ ಒಂದು ಸಾಲೇ ಮುಂದೆ ಅವರನ್ನು ಕಾಯುತ್ತದೆ. ಆಯ್ಕೆಯಾಗದವರಿಗೂ ಸಭಾಪಾಲಕರೇ ಕರೆದು ಹೇಳಲಿ. ಬಡತನದಿಂದ ಅರ್ಜಿ ಹಾಕಿದವರಿದ್ದರೆ ಸಹಾಯ ನಿಧಿಯಿಂದ ನೆರವು ಕೊಡಿ, ಉದ್ಯೋಗವನ್ನು ದಾನವಾಗಿ ಕೊಡಬೇಡಿ.

ಮಕ್ಕಳ ಹತ್ತಿರ ಕೆಲಸ ಮಾಡುವವರ ವಿಷಯದಲ್ಲಿ ದಾಕ್ಷಿಣ್ಯಕ್ಕೆ ಜಾಗವೇ ಇಲ್ಲ. ಸಂಡೇ ಸ್ಕೂಲ್ ಶಿಕ್ಷಕರು ಸಂಬಳವಿಲ್ಲದ ಸ್ವಯಂಸೇವಕರೇ ಆದರೂ ಇದು ಅನ್ವಯ. ಹಿಂದಿನ ಸಭೆಯಲ್ಲಿ, ಹಿಂದಿನ ಶಾಲೆಯಲ್ಲಿ ಯಾಕೆ ಬಿಟ್ಟರು ಎಂದು ನೇರವಾಗಿ ಕೇಳಿ. ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಕೇಳಿ. ಕರ್ನಾಟಕದಲ್ಲಿ ಸೇವಾ ಸಿಂಧು ಮೂಲಕ ಅರ್ಜಿ ಹಾಕಬಹುದು. ಮುಚ್ಚಿದ ಕೋಣೆಯಲ್ಲಿ ಒಬ್ಬ ಹಿರಿಯರು, ಒಂದು ಮಗು ಇಬ್ಬರೇ ಇರುವಂತಾಗಬಾರದು, ಎರಡು ಮಂದಿ ಹಿರಿಯರಿಲ್ಲದೆ ಮಕ್ಕಳ ಪ್ರವಾಸ ಹೊರಡಬಾರದು. 2012ರ ಪೋಕ್ಸೊ ಕಾಯ್ದೆಯ 19ನೆಯ ಸೆಕ್ಷನ್ ಪ್ರಕಾರ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಸಂಸ್ಥೆಯ ಮುಖ್ಯಸ್ಥರು ಅಧೀನ ಸಿಬ್ಬಂದಿಯ ಅಪರಾಧವನ್ನು ತಿಳಿಸದೆ ಬಿಟ್ಟರೆ ಒಂದು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು. ‘ಸಭೆಯ ಮಾನ’ ಎಂದು ಮುಚ್ಚಿಟ್ಟರೆ ಅನ್ಯಾಯ ಮೊದಲು ಆಗುವುದು ಆ ಮಗುವಿಗೆ. 1098 ಎಂಬ ಮಕ್ಕಳ ಸಹಾಯವಾಣಿ ಸಂಖ್ಯೆ ಸಂಡೇ ಸ್ಕೂಲ್ ಕೋಣೆಯ ಗೋಡೆಯ ಮೇಲಿರಲಿ.

ಸಂಬಳದ ಮಾತಿಗೆ ಬಂದರೆ, ದೇವರ ಕೆಲಸ ಎಂದು ಕಡಿಮೆ ಕೊಡುವ ಅಭ್ಯಾಸ ನಮ್ಮಲ್ಲಿ ಹಳೆಯದು. ಇದು ತಪ್ಪು ಎಂದು ಗಟ್ಟಿಯಾಗಿ ಹೇಳಲೇಬೇಕು. ಕಥೋಲಿಕ ಕಾನೂನು ಸಂಹಿತೆಯ 1286ನೆಯ ವಿಧಿಯೇ ಸ್ಪಷ್ಟವಾಗಿದೆ: ಚರ್ಚಿನ ಆಸ್ತಿ ನಿರ್ವಹಿಸುವವರು ಕೆಲಸಗಾರರನ್ನು ಇಟ್ಟುಕೊಳ್ಳುವಾಗ ದೇಶದ ಕಾರ್ಮಿಕ ಕಾನೂನನ್ನು ಪಾಲಿಸಬೇಕು, ಅವರಿಗೂ ಅವರ ಮನೆಯವರಿಗೂ ಸಾಲುವಂಥ ನ್ಯಾಯವಾದ ಕೂಲಿ ಕೊಡಬೇಕು. ರಾಜ್ಯ ಸರ್ಕಾರ ತುಟ್ಟಿಭತ್ಯೆ ಸೇರಿಸಿ ಹೊರಡಿಸುವ ಕನಿಷ್ಠ ವೇತನದ ಪಟ್ಟಿಯನ್ನು ಪ್ರತಿ ಏಪ್ರಿಲ್‌ನಲ್ಲಿ ಖಜಾಂಚಿಗಳು ತೆಗೆದು ನೋಡಲಿ, ಅದಕ್ಕಿಂತ ಕೆಳಗೆ ಯಾರ ಸಂಬಳವೂ ಬೇಡ. ಹತ್ತು ಅಥವಾ ಹೆಚ್ಚು ಜನರಿದ್ದ ಕಡೆ ಇಎಸ್‌ಐ, ಇಪ್ಪತ್ತು ಅಥವಾ ಹೆಚ್ಚು ಜನರಿದ್ದ ಕಡೆ ಪಿಎಫ್ ಪ್ರಶ್ನೆ ಬರುತ್ತದೆ. ಹತ್ತು ಅಥವಾ ಹೆಚ್ಚು ಜನರಿದ್ದರೆ ಮಹಿಳೆಯರ ಲೈಂಗಿಕ ಕಿರುಕುಳದ ದೂರು ಕೇಳಲು 2013ರ ಕಾಯ್ದೆಯಂತೆ ಆಂತರಿಕ ಸಮಿತಿಯೂ ಬೇಕು. ಸಭೆಯೊಂದೇ ಲೆಕ್ಕವೋ, ಅದರ ಶಾಲೆ, ಹಾಸ್ಟೆಲ್, ಡಯಾಸಿಸ್ ಎಲ್ಲ ಸೇರಿ ಲೆಕ್ಕವೋ ಎಂಬುದು ನೋಂದಣಿಯ ಮೇಲೆ ನಿಂತಿದೆ. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿರುವುದರಿಂದ ಒಬ್ಬ ಕಾರ್ಮಿಕ ಕಾನೂನು ಸಲಹೆಗಾರರ ಹತ್ತಿರ ಒಮ್ಮೆ ಕೂತು ಇದನ್ನು ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು. ಕಾನೂನಿನ ಕೈಗೆ ಸಿಗದಷ್ಟು ಸಣ್ಣ ಸಭೆಯಾದರೂ ಸೇವಕನ ಹೆಸರಿನಲ್ಲಿ ಪ್ರತಿ ತಿಂಗಳು ಒಂದಿಷ್ಟು ಹಣ ಬ್ಯಾಂಕಿನಲ್ಲಿ ಬೇರೆ ಇಡಿ. ಮೂವತ್ತು ವರ್ಷ ಗಂಟೆ ಹೊಡೆದವನು ನಿವೃತ್ತಿಯ ದಿನ ಶಾಲು, ಹಾರ ಹಾಕಿಸಿಕೊಂಡು ಬರಿಗೈಯಲ್ಲಿ ಹೋಗಬಾರದು.

ವಾರದ ರಜೆಯನ್ನೂ ಬರೆದಿಡಿ. ಎಲ್ಲರಿಗೂ ರಜೆ ಇರುವ ಭಾನುವಾರ ಇವರಿಗೆ ಅತಿ ಹೆಚ್ಚು ದುಡಿಮೆಯ ದಿನ. ಸೋಮವಾರ ಪೂರ್ತಿ ರಜೆ ಎಂದರೆ ಪೂರ್ತಿ ರಜೆ, ಆ ದಿನ ಬೀಗದ ಕೈಗಾಗಿ ಫೋನ್ ಮಾಡಬಾರದು. ಕ್ರಿಸ್ಮಸ್ ವಾರ, ಶ್ರಮ ವಾರ, ಸುಗ್ಗಿ ಹಬ್ಬಗಳಲ್ಲಿ ಕಳೆದ ರಜೆಗೆ ಬದಲಿ ದಿನಗಳು ಜನವರಿಯಲ್ಲೋ ಮೇ ತಿಂಗಳಲ್ಲೋ ಸಿಗುವಂತಿರಲಿ.

ಕಾಂಪೌಂಡಿನೊಳಗೆ ಮನೆ ಕೊಡುವ ಸಭೆಗಳು ಇಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕು. ಸೇವಕನ ಮನೆ ಕೆಲಸಕ್ಕೆ ಅಂಟಿದ ಸೌಲಭ್ಯ, ಬಾಡಿಗೆ ಮನೆಯಲ್ಲ ಎಂದು ಬರವಣಿಗೆಯಲ್ಲಿ ಇರಬೇಕು. ವಿದ್ಯುತ್ ಬಿಲ್ ಯಾರದು, ಯಾರು ಯಾರು ವಾಸ ಇರಬಹುದು, ಕೆಲಸ ಬಿಟ್ಟ ಎಷ್ಟು ತಿಂಗಳಲ್ಲಿ ಖಾಲಿ ಮಾಡಬೇಕು, ಕೆಲಸದಲ್ಲಿರುವಾಗಲೇ ತೀರಿಕೊಂಡರೆ ಹೆಂಡತಿ ಮಕ್ಕಳಿಗೆ ಎಷ್ಟು ಕಾಲಾವಕಾಶ, ಎಲ್ಲ. ಈ ಕೊನೆಯ ಸಾಲನ್ನು ಉದಾರವಾಗಿ ಬರೆಯಿರಿ, ಮಕ್ಕಳ ಶಾಲೆಯ ವರ್ಷ ಮುಗಿಯುವವರೆಗಾದರೂ ಇರಲಿ. ಇದನ್ನೆಲ್ಲ ಮಾತಿನಲ್ಲೇ ಬಿಟ್ಟ ಸಭೆಗಳು ಮುಂದೆ ಸೇವಕನ ಮಕ್ಕಳ ಜೊತೆ ಕೋರ್ಟಿನಲ್ಲಿ ನಿಲ್ಲುತ್ತವೆ.

ಆಯ್ಕೆಯಾದ ಮೇಲೆ ನೇಮಕಾತಿ ಪತ್ರ ಕನ್ನಡದಲ್ಲಿರಲಿ, ಎರಡು ಪ್ರತಿಗಳಲ್ಲಿ ಸಹಿ ಆಗಲಿ. ಆರು ತಿಂಗಳ ಪ್ರೊಬೇಷನ್, ಬಿಡುವುದಕ್ಕೆ ಎರಡೂ ಕಡೆಗೆ ಒಂದು ತಿಂಗಳ ನೋಟಿಸ್, ಸಂಬಳ ಬ್ಯಾಂಕಿಗೆ. ಎರಡನೆಯ ಮತ್ತು ಐದನೆಯ ತಿಂಗಳಲ್ಲಿ ಅರ್ಧ ಗಂಟೆ ಕೂತು ಮಾತಾಡಿ, ಆಡಿದ್ದನ್ನು ನಾಲ್ಕು ಸಾಲು ಬರೆದಿಡಿ. ಐದನೆಯ ತಿಂಗಳಲ್ಲಿ ಹೇಳಲು ಹಿಂಜರಿದ ಮಾತನ್ನು ಐದನೆಯ ವರ್ಷದಲ್ಲಿ ಹೇಳಲು ಆಗುವುದಿಲ್ಲ.

ಹಣದ ವಿಷಯದಲ್ಲಿ ಒಳ್ಳೆಯ ಮನುಷ್ಯನನ್ನೂ ಪ್ರಲೋಭನೆಗೆ ಒಡ್ಡಬೇಡಿ. ಕಾಣಿಕೆಯನ್ನು ಆರಾಧನೆ ಮುಗಿದ ಕೂಡಲೇ ಬೇರೆ ಬೇರೆ ಮನೆತನದ ಇಬ್ಬರು ಎಣಿಸಿ, ರಿಜಿಸ್ಟರಿನಲ್ಲಿ ಅಂಕಿ ಮತ್ತು ಅಕ್ಷರ ಎರಡರಲ್ಲೂ ಬರೆದು ಸಹಿ ಹಾಕಬೇಕು. ಗುಮಾಸ್ತರು ಅದನ್ನು ಬ್ಯಾಂಕಿಗೆ ಕಟ್ಟಿ ಚಲನ್ ಅಂಟಿಸಬೇಕು. ಎಣಿಸುವವರೇ ಕಟ್ಟುವವರಾಗಬಾರದು. ಈಗ ಪ್ರವೇಶದ್ವಾರದಲ್ಲಿ ಕ್ಯೂಆರ್ ಕೋಡ್ ಬಂದಿದೆ. ಅದು ಸಭೆಯ ಹೆಸರಿನ ಖಾತೆಗೇ ಜೋಡಣೆಯಾಗಿದೆಯೇ, ಸಂದೇಶ ಬರುವ ಫೋನ್ ಸಭೆಯದೇ ಎಂದು ಖಜಾಂಚಿಗಳು ತಿಂಗಳಿಗೊಮ್ಮೆ ಹತ್ತು ರೂಪಾಯಿ ಹಾಕಿ ನೋಡಲಿ.

ಹಳಬರು ಬಿಟ್ಟು ಹೊಸಬರು ಬರುವ ವಾರ ಇಬ್ಬರೂ ಒಟ್ಟಿಗೆ ಇರುವಂತೆ ದಿನ ಗೊತ್ತು ಮಾಡಿ, ಆ ವಾರದ ಎರಡು ಸಂಬಳ ಸಭೆಗೆ ದುಬಾರಿಯಲ್ಲ. ಬೀರುವಿನ ಬೀಗದ ಕೈಗಳು, ಮೂರೂ ರಿಜಿಸ್ಟರುಗಳು ಕೊನೆಯ ನಮೂದಿನ ಸಂಖ್ಯೆ ಸಮೇತ, ಸ್ಮಶಾನದ ನಕ್ಷೆ, ಇಮೇಲ್ ಪಾಸ್‌ವರ್ಡ್, ವಾಟ್ಸ್ಯಾಪ್ ಗುಂಪಿನ ಅಡ್ಮಿನ್ ಜವಾಬ್ದಾರಿ, ಮೈಕ್ ಸೆಟ್ ರಿಪೇರಿ ಮಾಡುವವರ ನಂಬರ್, ಕೊಡಬೇಕಾದ ಪ್ರಮಾಣಪತ್ರಗಳ ಬಾಕಿ ಪಟ್ಟಿ ಇವನ್ನೆಲ್ಲ ಒಂದು ಪುಟದಲ್ಲಿ ಬರೆದು, ಕೊಟ್ಟವರು, ಪಡೆದವರು, ಕಾರ್ಯದರ್ಶಿಗಳು ಮೂವರೂ ಸಹಿ ಹಾಕಿ ನಡಾವಳಿ ಪುಸ್ತಕಕ್ಕೆ ಲಗತ್ತಿಸಿ. ಹಳೆಯ ಸೇವಕರಿಗೆ ಕೊಡಬೇಕಾದ ಬಾಕಿಯನ್ನೂ ಅದೇ ದಿನ, ಅದೇ ಮೇಜಿನ ಮೇಲೆ ತೀರಿಸಿಬಿಡಿ.